ಬಾದಾಮಿಯ ವೀಣಾಶಿಲ್ಪವೂ ಗಿಟಾರಿನ ಸ್ವರಸಂಘಾತವೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನೊಳಗೊಂಡ ಮಲಪ್ರಭಾ ಪ್ರಾಂತವು ವಾಸ್ತುಶಿಲ್ಪದ ಅಭ್ಯಾಸಿಗಳಿಗೆ ಎಷ್ಟು ಪರಿಚಿತವೋ, ಸಂಗೀತದ ಇತಿಹಾಸವನ್ನು ಶೋಧಿಸುವವರಿಗೆ ಅಷ್ಟು ಪರಿಚಿತವಾಗಿಲ್ಲ. ಕಲ್ಲಿನಲ್ಲಿ ನಾದವಿಲ್ಲವೆಂಬುದು ಅದಕ್ಕೆ ಒಂದು ಕಾರಣವಾಗಿರಬಹುದು. ಆದರೆ ಕಲ್ಲಿನಲ್ಲಿ ವಾದ್ಯವಿರುವದು, ವಾದ್ಯವನ್ನು ಹಿಡಿದ ಕೈಗಳಿರುವವು. ಆ ಕೈಗಳ ಕೆಲಸವೇನೆಂಬುದನ್ನು ಶಾಸ್ತ್ರಗ್ರಂಥಗಳಿಂದ ತಿಳಿಯಲು ಶಕ್ಯವಿದೆ. ಪ್ರಸ್ತುತ ಲೇಖನದಲ್ಲಿ ಒಂದೇ ಪ್ರಶ್ನೆಯನ್ನು ವಿಚಾರಿಸಲು ಉದ್ದೇಶಿಸಿದ್ದೇನೆ. ಒಬ್ಬನೇ ವಾದಕನು ಒಂದೇ ತಂತೀವಾದ್ಯದಲ್ಲಿ ರಾಗದ ನಡೆಯನ್ನೂ ಅದಕ್ಕೆ ಆಧಾರವಾದ ಇತರ ಸ್ವರಗಳನ್ನೂ ಏಕಕಾಲದಲ್ಲಿ ನುಡಿಸುವ ವಿದ್ಯೆಯು ನಮ್ಮಲ್ಲಿ ಇದ್ದಿತೋ? ಇದ್ದರೆ ಯಾವ ರೂಪದಲ್ಲಿ ಇದ್ದಿತು?

ಈ ಪ್ರಶ್ನೆಯು ಬರಿಯ ಕುತೂಹಲದಿಂದ ಹುಟ್ಟಿದುದಲ್ಲ. ಬಾಗಲಕೋಟೆಯ ನವನಗರದಲ್ಲಿಯೂ ಇಳಕಲ್ಲಿನಲ್ಲಿಯೂ ಈಗ ತರುಣರು ಗಿಟಾರನ್ನು ಕಲಿಯುತ್ತಿದ್ದಾರೆ. ಅವರಲ್ಲಿ ಕೆಲವರು ಅಮೇರಿಕೆಯ ಜಾಝ್ ಪದ್ಧತಿಯನ್ನು ಹಿಡಿದು, ಮೇಲಣ ತಂತಿಯಲ್ಲಿ ಹಾಡನ್ನೂ ಕೆಳಗಣ ತಂತಿಗಳಲ್ಲಿ ಕಾರ್ಡುಗಳೆಂಬ ಸ್ವರಸಂಘಾತಗಳನ್ನೂ ಒಟ್ಟಿಗೆ ನುಡಿಸಲು ಯತ್ನಿಸುವರು. ಇದಕ್ಕೆ ಅವರಲ್ಲಿ ‘ಕಾರ್ಡ್ ಮೆಲಡಿ’ ಎಂದು ಹೆಸರು. ಇಂತಹ ವಿದ್ಯಾರ್ಥಿಯ ಕಿವಿಯ ಮೇಲೆ ಎರಡು ಮಾತುಗಳು ಬೀಳುತ್ತವೆ. ಸ್ವರಗಳನ್ನು ಗುಂಪಾಗಿ ನುಡಿಸುವದು ನಮ್ಮ ನಾದಧರ್ಮಕ್ಕೆ ವಿರುದ್ಧ, ಇದರಿಂದ ಶ್ರುತಿಜ್ಞಾನವು ಕೆಡುವದೆಂದು ಹಿರಿಯರು ಹೇಳುವರು. ಗಿಟಾರು ನಮ್ಮ ವೀಣೆಯ ಸಂತಾನವೇ, ಚಾಲುಕ್ಯರ ಕಾಲಕ್ಕೇ ನಮ್ಮವರು ಕಾರ್ಡುಗಳನ್ನು ನುಡಿಸುತ್ತಿದ್ದರು, ಬೇಕಾದರೆ ಬಾದಾಮಿಯ ಗವಿಯನ್ನು ನೋಡಿರೆಂದು ಅಭಿಮಾನಿಗಳು ಹೇಳುವರು. ಮೊದಲನೆಯ ಮಾತಿನಿಂದ ಕಲಿಯುವವನ ಉತ್ಸಾಹವು ಕುಂದುವದು. ಎರಡನೆಯ ಮಾತಿನಿಂದ ಅವನ ವಿಚಾರಶಕ್ತಿಯು ಕುಂದುವದು. ಇವೆರಡಕ್ಕೂ ಪ್ರಮಾಣವೆಷ್ಟು ಎಂಬುದನ್ನು ನೋಡೋಣ.

ಬಾದಾಮಿಯ ಒಂದನೆಯ ಗವಿಯನ್ನು ವಿದ್ವಾಂಸರು ಕ್ರಿ. ಶ. 6ನೆಯ ಶತಮಾನದ್ದೆಂದು ನಿರ್ಣಯಿಸಿದ್ದಾರೆ. ಹದಿನೆಂಟು ಕೈಗಳ ನಟರಾಜನನ್ನು ನೋಡಿ ಹಿಂದಿರುಗುವ ಯಾತ್ರಿಕರು ಅದೇ ಗವಿಯ ಅರ್ಧನಾರೀಶ್ವರನ ಮುಂದೆ ಅಷ್ಟು ಹೊತ್ತು ನಿಲ್ಲುವದಿಲ್ಲ. ನಾಲ್ಕು ಕೈಗಳ ಆ ಮೂರ್ತಿಯ ಬಲಭಾಗವು ಶಿವನದು, ಎಡಭಾಗವು ದೇವಿಯದು. ಪಕ್ಕದಲ್ಲಿ ಎಲುಬಿನ ಗೂಡಿನಂತಿರುವ ಭೃಂಗಿಯೂ ಹಿಂದೆ ನಂದಿಯೂ ಇರುವರು. ಮುಂದಿನ ಎರಡು ಕೈಗಳು ಒಂದು ವೀಣೆಯನ್ನು ಹಿಡಿದಿರುವವು. ಅಂದರೆ ಈ ವೀಣೆಯ ಮೇಲೆ ಒಂದು ಕೈ ಈಶ್ವರಾರ್ಧದ್ದು, ಇನ್ನೊಂದು ಕೈ ದೇವ್ಯರ್ಧದ್ದು. ದೇಹವು ಒಂದೇ, ವಾದ್ಯವು ಒಂದೇ, ಹಸ್ತವ್ಯಾಪಾರವು ಎರಡು. ಅಭಿಮಾನಿಗಳು ತೋರಿಸುವದು ಈ ಶಿಲ್ಪವನ್ನೇ.

ಆದರೆ ಇಲ್ಲಿ ಎಚ್ಚರಿಕೆ ಅವಶ್ಯ. ಕೈಗಳೆರಡೂ ಬೇರೆ ಬೇರೆ ದೇವತೆಗಳವು ಎಂಬ ಮಾತ್ರಕ್ಕೆ ನಾದಗಳೂ ಎರಡಾಗಬೇಕೆಂಬ ನಿಯಮವಿಲ್ಲ. ಯಾವ ತಂತೀವಾದ್ಯವನ್ನೇ ಹಿಡಿಯಲಿ, ಒಂದು ಕೈ ಮೀಟುವದು, ಇನ್ನೊಂದು ಕೈ ಸ್ವರಸ್ಥಾನವನ್ನು ಮಾಡುವದು. ಇವೆರಡೂ ಕೂಡಿ ಒಂದೇ ನಾದ. ಈ ವಾದ್ಯವು ದಂಡಿಯ ರೂಪದ್ದು, ಅದರ ಮೇಲೆ ಮೆಟ್ಟುಗಳಿದ್ದವೆಂದು ಹೇಳಿಸುವಂತಹ ಗುರುತು ಇಲ್ಲ. ಆದುದರಿಂದ ಈ ಶಿಲ್ಪವು ನಮಗೆ ತಿಳಿಸುವದು ಇಷ್ಟೇ: 6ನೆಯ ಶತಮಾನದ ಈ ನಾಡಿನಲ್ಲಿ ದಂಡಿವೀಣೆಯು ದೇವತೆಯ ಕೈಗೆ ಏರುವಷ್ಟು ಗೌರವವನ್ನು ಪಡೆದಿತ್ತು. ಇದಕ್ಕಿಂತ ಹೆಚ್ಚಿನದನ್ನು ಕಲ್ಲಿನ ಬಾಯಿಂದ ಹೇಳಿಸುವದು ಸಾಹಸವಾದೀತು.

ಪಟ್ಟದಕಲ್ಲಿನ ಪ್ರಮಾಣವು ಬೇರೆ ತೆರನಾದುದು. ಎರಡನೆಯ ವಿಕ್ರಮಾದಿತ್ಯನ ರಾಣಿಯಾದ ಲೋಕಮಹಾದೇವಿಯು ಕಟ್ಟಿಸಿದ ಲೋಕೇಶ್ವರ ದೇವಾಲಯವನ್ನು, ಅಂದರೆ ಇಂದಿನ ವಿರೂಪಾಕ್ಷ ದೇವಾಲಯವನ್ನು, ಎಲ್ಲರೂ ಬಲ್ಲರು. ಅಲ್ಲಿಯ ಒಂದು ಶಾಸನದಲ್ಲಿ ವಿಜಯಾದಿತ್ಯನು ಗಂಧರ್ವರಿಗೆ, ಎಂದರೆ ಗಾಯಕವಾದಕವರ್ಗಕ್ಕೆ, ಕೊಟ್ಟಿದ್ದ ಮರ್ಯಾದೆಗಳನ್ನು ಈ ರಾಣಿಯು ಸ್ಥಿರಪಡಿಸಿದಳೆಂದು ಹೇಳಿದೆ. ವಾದ್ಯದ ಹೆಸರಿಲ್ಲ, ರಾಗದ ಹೆಸರಿಲ್ಲ. ಆದರೂ ಸಂಗೀತವು 8ನೆಯ ಶತಮಾನದಲ್ಲಿ ಇಲ್ಲಿ ಒಂದು ವೃತ್ತಿಯಾಗಿತ್ತು, ಆ ವೃತ್ತಿಗೆ ರಾಜಮುದ್ರೆಯ ರಕ್ಷಣೆಯಿತ್ತು ಎಂಬುದು ಇದರಿಂದ ಸಿದ್ಧವಾಗುವದು.

ಹುನಗುಂದ ಸೀಮೆಯ ಕೂಡಲಸಂಗಮದಿಂದ ಮೂರನೆಯ ಪ್ರಮಾಣವು ದೊರೆಯುವದು. 12ನೆಯ ಶತಮಾನದ ಬಸವಣ್ಣನವರು ತಮ್ಮ ಒಂದು ಪ್ರಸಿದ್ಧ ವಚನದಲ್ಲಿ ತಮ್ಮ ದೇಹವನ್ನೇ ವಾದ್ಯವಾಗಿ ಕಲ್ಪಿಸಿದ್ದಾರೆ. ಭಕ್ತಿಯ ದೃಷ್ಟಿಯಿಂದ ಈ ವಚನವನ್ನು ವ್ಯಾಖ್ಯಾನಿಸಿದವರು ಅನೇಕರು. ವಾದ್ಯದ ದೃಷ್ಟಿಯಿಂದ ನೋಡಿದವರು ಕಡಿಮೆ. ಕಾಯಕ್ಕೆ ದಂಡಿಗೆಯ ಸ್ಥಾನ, ತಲೆಗೆ ಸೋರೆಯ ಸ್ಥಾನ, ನರಗಳಿಗೆ ತಂತಿಗಳ ಸ್ಥಾನ, ಬೆರಳುಗಳಿಗೆ ಕಡ್ಡಿಯ ಸ್ಥಾನ ಅಲ್ಲಿ ದೊರೆತಿವೆ. ಇದನ್ನು ಮೀಟುವ ಕಡ್ಡಿಯೆಂದು ತಿಳಿದರೆ ಆ ವಾದ್ಯದಲ್ಲಿ ಮೆಟ್ಟುಗಳ ಮಾತೇ ಇಲ್ಲ. ದಂಡಿಗೆಯ ಮೇಲೆ ಕೂಡಿಸಿದ ಕಡ್ಡಿಗಳೆಂದು ತಿಳಿದರೆ ಮೆಟ್ಟುಗಳಾಗುವವು. ನನಗೆ ಮೊದಲನೆಯ ಅರ್ಥವೇ ಸರಿಯೆಂದು ತೋರುವದು. ಏಕೆಂದರೆ ವಾದ್ಯವನ್ನು ಎದೆಗೆ ಒತ್ತಿ ನುಡಿಸುವ ಕ್ರಮವನ್ನು ವಚನವು ಸೂಚಿಸುವದು. ಇದು ಆಲಾಪಿನಿಯೇ ಮೊದಲಾದ, ಮೆಟ್ಟುಗಳಿಲ್ಲದ ದಂಡಿವೀಣೆಗಳ ಧಾರಣಕ್ರಮ. ಅದೇ ಕಾಲದ ಕಲ್ಯಾಣದಲ್ಲಿ ಕಿನ್ನರಿಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ ಕಿನ್ನರಿ ಬೊಮ್ಮಯ್ಯನಿದ್ದನೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು. ಮೆಟ್ಟುಗಳಿಲ್ಲದ ವೀಣೆಯೂ ಮೆಟ್ಟುಗಳುಳ್ಳ ಕಿನ್ನರಿಯೂ ಒಂದೇ ಶತಮಾನದಲ್ಲಿ ಒಂದೇ ನಾಡಿನಲ್ಲಿ ಜೊತೆಯಾಗಿದ್ದಂತೆ ಕಾಣುವದು.

ಇನ್ನು ಶಾಸ್ತ್ರಗ್ರಂಥಗಳ ಕಡೆಗೆ ತಿರುಗೋಣ. ಯಾದವ ಸಿಂಘಣನ ಆಶ್ರಯದಲ್ಲಿ 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ಸಂಗೀತರತ್ನಾಕರದ ವಾದ್ಯಾಧ್ಯಾಯವು ಈ ವಿಷಯದಲ್ಲಿ ಮುಖ್ಯ. ಏಕತಂತ್ರಿಯ ಪ್ರಕರಣದಲ್ಲಿ ಆತನು ಬಲಗೈಯ ಒಂಬತ್ತು, ಎಡಗೈಯ ಎರಡು, ಉಭಯಹಸ್ತದ ಹದಿಮೂರು ವ್ಯಾಪಾರಗಳನ್ನು ಹೇಳುವನು. ಒಂದೇ ತಂತಿಯ ವಾದ್ಯಕ್ಕೆ ಇಷ್ಟು ಹಸ್ತಭೇದಗಳು! ಎಡಗೈಯಲ್ಲಿ ಬಿದಿರಿನ ಕಮ್ರಿಕೆಯನ್ನು ಹಿಡಿದು ತಂತಿಯ ಮೇಲೆ ಸಾರಿಸುತ್ತ ಸ್ವರವನ್ನು ಹುಟ್ಟಿಸಬೇಕು. ಹವಾಯೀ ಗಿಟಾರಿನವರು ಉಕ್ಕಿನ ಕಡ್ಡಿಯಿಂದ ಮಾಡುವದು ಇದನ್ನೇ. ಇಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೆಲ್ಲವೂ ಕೇಳಿಸುವದು, ಗಮಕಕ್ಕೆ ಅಡ್ಡಿಯಿಲ್ಲ. ಆದರೆ ಒಂದು ಕಮ್ರಿಕೆಯಿಂದ ಒಂದು ಸ್ಥಾನವನ್ನೇ ಒತ್ತಲು ಸಾಧ್ಯ. ಸ್ವರಸಂಘಾತಕ್ಕೆ ಬೇಕಾದ ಸಾಮಗ್ರಿಯು ಈ ವಾದ್ಯದಲ್ಲಿ ಇಲ್ಲವೇ ಇಲ್ಲ.

ಕಿನ್ನರಿಯಲ್ಲಿ ಪರಿಸ್ಥಿತಿಯು ಬದಲಾಗುವದು. ಶಾರ್ಙ್ಗದೇವನ ಕಿನ್ನರಿಗೆ ಹದಿನಾಲ್ಕು ಸಾರಿಕೆಗಳು. ಹದ್ದಿನ ಎಲುಬಿನಿಂದ ಅವನ್ನು ಮಾಡಿ ಮೇಣವನ್ನು ಬೆರೆಸಿದ ಅಂಟಿನಿಂದ ದಂಡಿಯ ಮೇಲೆ ಕೂಡಿಸುವ ವಿಧಾನವನ್ನು ಆತನು ವಿವರಿಸಿರುವನು. ಕಿನ್ನರಿಯ ಸಂಬಂಧವನ್ನು ಪರಂಪರೆಯು ಮತಂಗಮುನಿಗೆ ಹೇಳುತ್ತ ಬಂದಿದೆ. ಆದರೆ ಮತಂಗನ ಬೃಹದ್ದೇಶಿಯು ಅಪೂರ್ಣವಾಗಿ ದೊರೆತಿರುವದರಿಂದ, ವಾದ್ಯಭಾಗವಿಲ್ಲದ ಆ ಗ್ರಂಥವನ್ನು ಮುಂದೆ ಮಾಡಿ ಮೆಟ್ಟುಗಳನ್ನು 6ನೆಯ ಶತಮಾನಕ್ಕೆ ಒಯ್ಯುವದು ಯುಕ್ತವಲ್ಲ. ಅದೇನೇ ಇರಲಿ, ಸಾರಿಕೆಯು ಬಂದೊಡನೆ ಸ್ವರಸ್ಥಾನವು ಕಿವಿಯಿಂದ ಕಣ್ಣಿಗೂ ಬೆರಳಿಗೂ ಇಳಿದುಬಂದಿತು. ಹೊಸದಾಗಿ ಕಲಿಯುವವನಿಗೆ ಇದು ದೊಡ್ಡ ಉಪಕಾರ. ಬೆರಳುಗಳು ಬಿಡುವಾದವು, ಒಂದಕ್ಕಿಂತ ಹೆಚ್ಚು ತಂತಿಗಳನ್ನು ಒಟ್ಟಿಗೆ ಒತ್ತುವ ಸಾಧ್ಯತೆಯೂ ಹುಟ್ಟಿತು. ಸಾಧ್ಯತೆ ಮಾತ್ರ, ಅದನ್ನು ಉಪಯೋಗಿಸಿದರೆಂದು ಶಾರ್ಙ್ಗದೇವನು ಹೇಳುವದಿಲ್ಲ.

ಏಕಕಾಲದಲ್ಲಿ ಭಿನ್ನಸ್ವರಗಳು ನುಡಿಯುವ ಪ್ರಸಂಗವು ನಮ್ಮ ಶಾಸ್ತ್ರದಲ್ಲಿ ಬಂದೇ ಇಲ್ಲವೇ ಎಂದರೆ, ಬಂದಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಎರಡು ವೀಣೆಗಳ ಸಹವಾದನಕ್ಕೆ ರೂಪ, ಕೃತಪ್ರತಿಕೃತ, ಪ್ರತಿಭೇದ, ರೂಪಶೇಷ, ಓಘ, ಪ್ರತಿಶುಷ್ಕಾ ಎಂಬ ಆರು ಕರಣಗಳನ್ನು ಹೇಳಿದೆ. ಪ್ರತಿಭೇದದಲ್ಲಿ ಎರಡು ವೀಣೆಗಳೂ ಕೂಡಿಯೇ ನುಡಿಯುವವು. ಆದರೆ ಒಂದರಲ್ಲಿ ಗುರುವಿರುವಲ್ಲಿ ಇನ್ನೊಂದರಲ್ಲಿ ಲಘುಗಳು ಬರುವವು. ರೂಪಶೇಷದಲ್ಲಿ ಒಂದು ವಿರಮಿಸಿದ ಎಡೆಯನ್ನು ಇನ್ನೊಂದು ತುಂಬುವದು. ಜಾಝಿನ ಗಿಟಾರುವಾದಕನು ಹಾಡುವವನ ಅಥವಾ ಕಹಳೆಯವನ ಹಿಂದೆ ಕುಳಿತು ಮಾಡುವ ಕೆಲಸಕ್ಕೆ ಈ ರೂಪಶೇಷವು ಬಹಳ ಸಮೀಪದ್ದು. ಆದರೂ ಗಮನಿಸಬೇಕಾದ ಭೇದವೊಂದಿದೆ. ಭರತನಲ್ಲಿ ಎರಡು ವೀಣೆಗಳು ಒಂದೇ ಧಾತುವಿನ ಎರಡು ವಿಸ್ತಾರಗಳನ್ನು ನುಡಿಸುವವು, ಭೇದವು ಕಾಲದಲ್ಲಿ. ಗಿಟಾರಿನ ಸ್ವರಸಂಘಾತದಲ್ಲಿ ಭೇದವು ಸ್ಥಾನದಲ್ಲಿ.

ಈಗ ವಿಜಯನಗರಕ್ಕೆ ಬರೋಣ. ಅಳಿಯ ರಾಮರಾಜನ ಅಪ್ಪಣೆಯಂತೆ ರಾಮಾಮಾತ್ಯನು 1550ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದನು. ಅದರ ವೀಣಾಪ್ರಕರಣವು ನನ್ನ ಮತದಲ್ಲಿ ಗಿಟಾರು ಕಲಿಯುವವರೂ ಓದತಕ್ಕ ಭಾಗ. ಆತನ ಶುದ್ಧಮೇಳವೀಣೆಗೆ ನಾಲ್ಕು ಮುಖ್ಯ ತಂತಿಗಳು: ಅನುಮಂದ್ರ ಷಡ್ಜ, ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಮಧ್ಯಮ. ಪಕ್ಕದಲ್ಲಿ ಷಡ್ಜ ಪಂಚಮಗಳಿಗೆ ಶ್ರುತಿಮಾಡಿದ ಮೂರು ತಂತಿಗಳು. ಮುಖ್ಯ ತಂತಿಗಳ ಅಂತರವನ್ನು ಶ್ರುತಿಗಳಲ್ಲಿ ಎಣಿಸಿದರೆ ಹದಿಮೂರು, ಒಂಬತ್ತು, ಒಂಬತ್ತು. ಗಿಟಾರಿನ ಆರು ತಂತಿಗಳ ಅಂತರವನ್ನು ಅದೇ ಕ್ರಮದಲ್ಲಿ ಎಣಿಸಿದರೆ ಒಂಬತ್ತು, ಒಂಬತ್ತು, ಒಂಬತ್ತು, ಏಳು, ಒಂಬತ್ತು. ಎರಡೂ ಕಡೆಯಲ್ಲಿ ಸಂವಾದಿಯಾದ ಅಂತರವೇ ಬುನಾದಿ.

ರಾಮಾಮಾತ್ಯನಿಗೆ ತೊಡಕಾದುದು ಸಾರಿಕೆಗಳ ವಿಷಯ. ಅಡ್ಡಲಾಗಿ ಹಾಕಿದ ಒಂದೇ ಸಾರಿಕೆಯು ನಾಲ್ಕೂ ತಂತಿಗಳಿಗೆ ಸಲ್ಲಬೇಕು. ಷಡ್ಜದ ತಂತಿಯಲ್ಲಿ ಅದು ಒಂದು ಸ್ವರ, ಪಂಚಮದ ತಂತಿಯಲ್ಲಿ ಇನ್ನೊಂದು. ಎಲ್ಲ ಶ್ರುತಿಭೇದಗಳಿಗೂ ಬೇರೆ ಬೇರೆ ಸಾರಿಕೆಯನ್ನು ಹಾಕಹೋದರೆ ಅವು ಒಂದರ ಮೇಲೊಂದು ಒತ್ತುವವು, ಬೆರಳಿಗೆ ಎಡೆಯಿರದು. ಆಗ ಆತನು ಮಾಡಿದ ವ್ಯವಸ್ಥೆಯು ಇದು: ಆರು ಸಾರಿಕೆಗಳನ್ನು ನಿಲ್ಲಿಸಿ, ಅಂತರಗಾಂಧಾರ ಕಾಕಲಿನಿಷಾದಗಳಿಗೆ ಪ್ರತ್ಯೇಕ ಸಾರಿಕೆಯನ್ನು ಬಿಟ್ಟು, ಅವುಗಳಿಗೆ ನೆರೆಯ ಚ್ಯುತಮಧ್ಯಮಗಾಂಧಾರ ಚ್ಯುತಷಡ್ಜನಿಷಾದಗಳನ್ನೇ ಪ್ರತಿನಿಧಿಗಳೆಂದು ಒಪ್ಪಿಕೊಂಡನು. ‘ಪ್ರತಿನಿಧಿ’ ಎಂಬುದು ಮೀಮಾಂಸಕರ ಮಾತು. ವಿಹಿತದ್ರವ್ಯವು ದೊರೆಯದಿದ್ದಾಗ ಸದೃಶದ್ರವ್ಯದಿಂದ ಯಜ್ಞವನ್ನು ಪೂರೈಸುವಂತೆ, ಇಲ್ಲಿ ಸದೃಶಸ್ವರದಿಂದ ರಾಗವನ್ನು ಪೂರೈಸಬೇಕು. ಕಿವಿಯ ಸೂಕ್ಷ್ಮತೆಯಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ಕೈಯ ಸೌಕರ್ಯವನ್ನು ಆತನು ಪಡೆದನು.

ಇದಾಗಿ ಮೂವತ್ತೊಂದು ವರ್ಷಗಳ ಮೇಲೆ, 1581ರಲ್ಲಿ, ಇಟಲಿಯ ವಿಂಚೆನ್ಜೊ ಗೆಲಿಲಿಯು ಇದೇ ತೊಡಕನ್ನು ಲ್ಯೂಟ್ ಎಂಬ ವಾದ್ಯದಲ್ಲಿ ಬಿಡಿಸಲೆತ್ನಿಸಿದನು. (ಈತನು ಖಗೋಲಶಾಸ್ತ್ರಜ್ಞ ಗೆಲಿಲಿಯೊನ ತಂದೆ.) ಉಳಿದ ತಂತಿಯ ಉದ್ದವನ್ನು ಹದಿನೆಂಟು ಭಾಗಮಾಡಿ ಒಂದು ಭಾಗದ ಮೇಲೆ ಮೆಟ್ಟನ್ನು ಹಾಕುತ್ತ ಹೋಗಬೇಕೆಂಬುದು ಆತನ ಸೂತ್ರ. 65 ಸೆಂಟಿಮೀಟರಿನ ಗಿಟಾರುತಂತಿಗೆ ಇದನ್ನು ಅನ್ವಯಿಸಿದರೆ ಮೊದಲನೆಯ ಮೆಟ್ಟು ಸುಮಾರು 3.61 ಸೆಂಟಿಮೀಟರಿಗೆ, ಎರಡನೆಯದು ಅಲ್ಲಿಂದ 3.41 ಸೆಂಟಿಮೀಟರಿಗೆ ಬೀಳುವದು. ಹನ್ನೆರಡನೆಯ ಮೆಟ್ಟು ತಂತಿಯ ನಡುವಿಗೆ ಬರಬೇಕಾದುದು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಹಿಂದೆಯೇ ನಿಲ್ಲುವದು. ಈ ಅಲ್ಪದೋಷವನ್ನು ಗಣಿತದಿಂದ ತಿದ್ದಿ ಇಂದಿನ ಗಿಟಾರಿನ ಮೆಟ್ಟುಗಳನ್ನು ಹಾಕುವರು. ಅದರ ಪಂಚಮವು ಶುದ್ಧಪಂಚಮಕ್ಕಿಂತ ಗೊತ್ತಾಗದಷ್ಟು ಕಡಿಮೆ. ಗಾಂಧಾರವು ಮಾತ್ರ ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಸ್ಪಷ್ಟವಾಗಿ ಏರಿರುವದು. ಹಿರಿಯರ ಆಕ್ಷೇಪಕ್ಕೆ ಇಷ್ಟರ ಮಟ್ಟಿಗೆ ಆಧಾರವಿದೆ. ಆದರೆ ಅದನ್ನು ಗಿಟಾರೊಂದಕ್ಕೇ ಹೊರಿಸುವವರು ರಾಮಾಮಾತ್ಯನ ಪ್ರತಿನಿಧಿಸ್ವರಗಳಿಗೆ ಉತ್ತರವನ್ನು ಹೇಳಬೇಕು. ಇಂತಹ ಆಕ್ಷೇಪವು ಅಧಿಕಾರವನ್ನು ಪಡೆದರೆ ಏನಾಗುವದೆಂಬುದನ್ನೂ ನಾವು ನೋಡಿದ್ದೇವೆ: ಆಕಾಶವಾಣಿಯು 1940ರಿಂದ 1971ರ ವರೆಗೆ ಹಾರ್ಮೋನಿಯಂ ವಾದ್ಯವನ್ನು ಹೊರಗಿಟ್ಟಿತು. ಆ ಕಾಲದಲ್ಲೆಲ್ಲ ಬನಶಂಕರಿಯ ಜಾತ್ರೆಯ ನಾಟಕಗಳು ಕಾಲಪೇಟಿಯಿಲ್ಲದೆ ನಡೆಯುವಂತಿರಲಿಲ್ಲ.

ವಂಶಾವಳಿಯ ಪ್ರಶ್ನೆಯನ್ನು ಬೇಗನೆ ಮುಗಿಸಬಹುದು. ಗಿಟಾರ್ ಎಂಬ ಹೆಸರು ಗ್ರೀಕರ ಕಿಥಾರ ಶಬ್ದದಿಂದ ಅರಬ್ಬರ ಮೂಲಕ ಸ್ಪೇನಿಗೆ ಬಂದುದು. ಸಿತಾರ್ ಎಂಬುದು ಮೂರು ತಂತಿ ಎಂಬರ್ಥದ ಪಾರಸೀ ಶಬ್ದ. ಉಚ್ಚಾರಸಾಮ್ಯದಿಂದ ಇವನ್ನು ಬೆಸೆಯುವದು ನಿರುಕ್ತವಲ್ಲ. ಆರು ಒಂಟಿ ತಂತಿಗಳ ಗಿಟಾರು 18ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ಬಂದಿತು. ಅಮೇರಿಕೆಯ ಕರಿಯ ಜನರ ಸಂಗೀತದಿಂದ ಹುಟ್ಟಿದ ಜಾಝಿನಲ್ಲಿ ಅದು ಮೊದಲು ತಾಳಕ್ಕಾಗಿ ಸ್ವರಸಂಘಾತಗಳನ್ನು ಬಾರಿಸುವ ಹಿಂದಣ ವಾದ್ಯವಾಗಿತ್ತು. 1939ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ನನು ವಿದ್ಯುತ್ತಿನ ಗಿಟಾರಿನಿಂದ ಅದನ್ನು ಮುಂದಕ್ಕೆ ತಂದನು. ಎರಡು ಕೆಲಸಗಳನ್ನೂ ಒಬ್ಬನೇ ಮಾಡುವ ವಿದ್ಯೆಯನ್ನು ಜಾರ್ಜ್ ವಾನ್ ಎಪ್ಸ್, ಜೋ ಪಾಸ್ ಮೊದಲಾದವರು ಪರಾಕಾಷ್ಠೆಗೆ ಒಯ್ದರು. ಈ ಕಥೆಯಲ್ಲಿ ಬಾದಾಮಿಗೆ ಎಡೆಯಿಲ್ಲ. ಎಡೆಯಿಲ್ಲದುದರಿಂದ ಬಾದಾಮಿಗೆ ನ್ಯೂನತೆಯೂ ಇಲ್ಲ.

ಹಾಗಾದರೆ ಶಾಸ್ತ್ರವನ್ನು ಬಲ್ಲ ವಿದ್ಯಾರ್ಥಿಗೆ ಸ್ವರಸಂಘಾತವನ್ನು ಹೇಗೆ ತಿಳಿಯಪಡಿಸಬೇಕು? ನಾನು ಕೆಲವು ತರುಣರಿಗೆ ಹೇಳಿ ಫಲವನ್ನು ಕಂಡ ರೀತಿಯನ್ನು ಇಲ್ಲಿ ಬರೆಯುತ್ತೇನೆ. ಬಿಲಾವಲಿನ, ಅಂದರೆ ಶಂಕರಾಭರಣ ಮೇಳದ, ಏಳು ಸ್ವರಗಳನ್ನೇ ತೆಗೆದುಕೊಳ್ಳಿರಿ. ಜಾಝಿನವರು ಹೆಜ್ಜೆಹೆಜ್ಜೆಗೂ ಬಳಸುವ ಮೂರು ಸ್ವರಸಂಘಾತಗಳು ಕ್ರಮವಾಗಿ ರಿ-ಮ-ಧ-ಸ, ಪ-ನಿ-ರಿ-ಮ, ಸ-ಗ-ಪ-ನಿ. ಮೇಲಣ ತಂತಿಯಲ್ಲಿ ಪಂಚಮವೊಂದನ್ನೇ ನೀಡಿ, ಕೆಳಗೆ ಇವನ್ನು ಒಂದಾದಮೇಲೊಂದರಂತೆ ನುಡಿಸಿರಿ. ರಿಷಭವು ಆಧಾರವಾದಾಗ ಆ ಪಂಚಮವು ಮಧ್ಯಮದ ಪದವಿಯಲ್ಲಿರುವದು. ಪಂಚಮವೇ ಆಧಾರವಾದಾಗ ಷಡ್ಜದ ಪದವಿಗೆ ಬರುವದು. ಷಡ್ಜವು ಆಧಾರವಾದಾಗ ಪಂಚಮವಾಗಿಯೇ ನಿಲ್ಲುವದು. ಬೆರಳು ಕದಲಲಿಲ್ಲ, ನಾದವು ಬದಲಾಗಲಿಲ್ಲ, ಆದರೂ ಅದರ ಅರ್ಥವು ಮೂರು ಸಲ ಬದಲಾಯಿತು. ಮೂರ್ಛನೆಯನ್ನು ಕಲಿತವನಿಗೆ ಇದು ಅಪರಿಚಿತವಲ್ಲ. ಮೂರ್ಛನೆಯಲ್ಲಿ ಆಧಾರವನ್ನು ರಾಗಕ್ಕೊಮ್ಮೆ ಬದಲಿಸುವೆವು. ಇಲ್ಲಿ ಮಾತ್ರೆಗೊಮ್ಮೆ ಬದಲಿಸುವರು.

ನಮ್ಮಲ್ಲಿ ಆಧಾರವು ಇಳಕಲ್ಲಿನ ಮಗ್ಗದ ಹಾಸಿನಂತೆ ಮೊದಲಿನಿಂದ ಕೊನೆಯ ವರೆಗೆ ಬಿಗಿದಿರುವದು. ರಾಗವು ಅದರಲ್ಲಿ ಹೊಕ್ಕಿನಂತೆ ಓಡಾಡುವದು. ರಾಮಾಮಾತ್ಯನ ಪಕ್ಕದ ಮೂರು ತಂತಿಗಳು ಅಂತಹ ಹಾಸು. ಗಿಟಾರಿನವರು ಹಾಸನ್ನೇ ಚಲಿಸುವಂತೆ ಮಾಡಿದ್ದಾರೆ. ಸಂವಾದವು ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರದಲ್ಲಿ, ವಿವಾದವು ಎರಡು ಶ್ರುತಿಗಳ ಅಂತರದಲ್ಲಿ ಎಂಬ ಭರತಲಕ್ಷಣವು ಎರಡು ಕಡೆಗೂ ಸಲ್ಲುವದು. ಆದರೆ ನಾವು ವಿವಾದಿಯನ್ನು ರಾಗದಿಂದ ದೂರವಿಡುವೆವು. ಜಾಝಿನವರು ವಿವಾದಿಯನ್ನು ಬೇಕೆಂದೇ ಕರೆದು, ಮುಂದಿನ ಸ್ವರಸಂಘಾತದಲ್ಲಿ ಅದನ್ನು ಸಮಾಧಾನಪಡಿಸುವರು.

ಅಭ್ಯಾಸದಲ್ಲಿ ಇನ್ನೂ ಒಂದು ಸೌಕರ್ಯವಿದೆ. ನಾಲ್ಕು ಸ್ವರಗಳನ್ನೂ ಒತ್ತಿದರೆ ಹಾಡನ್ನು ನುಡಿಸಲು ಬೆರಳು ಉಳಿಯುವದಿಲ್ಲ. ಆದುದರಿಂದ ಬಲ್ಲವರು ಮೂಲಸ್ವರದಿಂದ ಮೂರನೆಯದನ್ನೂ ಏಳನೆಯದನ್ನೂ ಮಾತ್ರ ಇಟ್ಟುಕೊಳ್ಳುವರು. ಮೊದಲನೆಯ ಸಂಘಾತದಲ್ಲಿ ಅವು ಮ, ಸ. ಎರಡನೆಯದರಲ್ಲಿ ನಿ, ಮ. ಮೂರನೆಯದರಲ್ಲಿ ಗ, ನಿ. ಮಧ್ಯಮವನ್ನು ಕದಲಿಸದೆ ಷಡ್ಜವನ್ನು ಒಂದು ಮೆಟ್ಟು ಇಳಿಸಿದರೆ ನಿಷಾದ. ನಿಷಾದವನ್ನು ಕದಲಿಸದೆ ಮಧ್ಯಮವನ್ನು ಒಂದು ಮೆಟ್ಟು ಇಳಿಸಿದರೆ ಗಾಂಧಾರ. ಎರಡೇ ಬೆರಳುಗಳ, ಒಂದೊಂದೇ ಮೆಟ್ಟಿನ ಚಲನದಿಂದ ಮೂರು ಸಂಘಾತಗಳೂ ಸಾಧಿಸುವವು. ಇಳಿದುಬಂದ ಈ ಎರಡು ಸ್ವರಗಳು ಯಾವುವು? ಚ್ಯುತಮಧ್ಯಮವಾದ ಗಾಂಧಾರ, ಚ್ಯುತಷಡ್ಜವಾದ ನಿಷಾದ! ರಾಮಾಮಾತ್ಯನು ಷಡ್ಜತಂತಿಯ ನಾಲ್ಕನೆಯ ಸಾರಿಕೆಯಲ್ಲಿ ಮೊದಲನೆಯದನ್ನೂ ಪಂಚಮತಂತಿಯ ಅದೇ ಸಾರಿಕೆಯಲ್ಲಿ ಎರಡನೆಯದನ್ನೂ ಇಟ್ಟಿರುವನು. ಮಧ್ಯಮವು ಜಾರಿ ಗಾಂಧಾರವಾಗುವದು, ಷಡ್ಜವು ಜಾರಿ ನಿಷಾದವಾಗುವದು ಎಂಬ ಭಾವವು ಆ ಹೆಸರುಗಳಲ್ಲಿಯೇ ಇರುವದು. ಇದರಿಂದ ರಾಮಾಮಾತ್ಯನಿಗೆ ಸ್ವರಸಂಘಾತಗಳು ತಿಳಿದಿದ್ದವೆಂದು ಯಾರೂ ಹೇಳಬಾರದು. ಆತನು ಶ್ರುತಿಗಳನ್ನು ಎಣಿಸಿ ಹೆಸರಿಟ್ಟನೇ ಹೊರತು ಒಟ್ಟಿಗೆ ನುಡಿಸಲು ಹೇಳಲಿಲ್ಲ. ಆದರೆ ಕಲಿಯುವವನ ನೆನಪಿಗೆ ಆ ಹೆಸರುಗಳಷ್ಟು ಒಳ್ಳೆಯ ಊರುಗೋಲು ಇಂಗ್ಲೀಷಿನ ಪಾಠಪುಸ್ತಕಗಳಲ್ಲಿ ನನಗೆ ಕಾಣಲಿಲ್ಲ.

ಚಲಿಸುವ ಆಧಾರವನ್ನೂ ಸ್ಥಿರವಾದ ಆಧಾರವನ್ನೂ ಒಂದೇ ವಾದ್ಯದಲ್ಲಿ ಕೂಡಿಸುವ ಯತ್ನವೂ ನಡೆದಿದೆ. ಆಂಗ್ಲ ಗಿಟಾರುವಾದಕ ಜಾನ್ ಮೆಕ್ಲಾಕ್ಲಿನ್ನನು ಎಸ್. ರಾಮನಾಥನ್ನರಲ್ಲಿ ವೀಣೆಯನ್ನು ಅಭ್ಯಸಿಸಿ, 1970ರ ದಶಕದಲ್ಲಿ ‘ಶಕ್ತಿ’ ಎಂಬ ಮೇಳಕ್ಕಾಗಿ ಗಿಟಾರೊಂದನ್ನು ಮಾಡಿಸಿಕೊಂಡನು. ಅದರ ಮೆಟ್ಟುಗಳ ನಡುವಣ ಮರವನ್ನು ತೋಡಿ, ವೀಣೆಯಲ್ಲಿರುವಂತೆ ತಂತಿಯನ್ನು ಒತ್ತಿ ಎಳೆದು ಗಮಕವನ್ನು ಹೊರಡಿಸಲು ಅನುಕೂಲಮಾಡಲಾಗಿತ್ತು. ಮುಖ್ಯ ತಂತಿಗಳ ಕೆಳಗೆ ಓರೆಯಾಗಿ ಏಳು ಶ್ರುತಿತಂತಿಗಳನ್ನು ಬಿಗಿಯಲಾಗಿತ್ತು. ಆ ಶ್ರುತಿತಂತಿಗಳು ಷಡ್ಜಪಂಚಮಗಳನ್ನು ನುಡಿಯುತ್ತಿರುವಾಗ ಮೇಲೆ ಹೇಳಿದ ಮೂರು ಸಂಘಾತಗಳಲ್ಲಿ ಮೂರನೆಯದು ನೆಮ್ಮದಿಯಿಂದ ಕೂಡುವದು. ಎರಡನೆಯದರಲ್ಲಿ ನಿಷಾದಕ್ಕೂ ಷಡ್ಜಕ್ಕೂ ಘರ್ಷಣೆಯುಂಟಾಗುವದು. ಮೊದಲನೆಯದರಲ್ಲಿ ರಿಷಭವು ಎಷ್ಟೇ ಬಲವಾಗಿ ನುಡಿದರೂ ಆಧಾರವೆನ್ನಿಸಿಕೊಳ್ಳಲಾರದು. ತಂಬೂರಿಯನ್ನು ಷಡ್ಜಪಂಚಮಗಳಿಗೆ ಶ್ರುತಿಮಾಡಿ ಹತ್ತಿರದಲ್ಲಿಟ್ಟು ಮೀಟುತ್ತ, ಗಿಟಾರಿನಲ್ಲಿ ಈ ಮೂರನ್ನೂ ನಿಧಾನವಾಗಿ ನುಡಿಸಿದ ಯಾವ ವಿದ್ಯಾರ್ಥಿಯಾದರೂ ಇದನ್ನು ತನ್ನ ಕಿವಿಯಿಂದಲೇ ಪರೀಕ್ಷಿಸಬಹುದು.